ಬೀಳಗಿಯ ದನಿ: ಅಮೀರಬಾಯಿ ಕರ್ನಾಟಕಿ ಮತ್ತು ಒಂದು ಮಟ್ಟಿನ ಪ್ರಯಾಣ

1950ರಲ್ಲಿ ತೆರೆಕಂಡ ‘ಸಮಾಧಿ’ ಎಂಬ ಹಿಂದೀ ಚಿತ್ರದ ‘ಗೋರೆ ಗೋರೆ’ ಗೀತೆಯನ್ನು ಕೇಳದವರು ವಿರಳ. ಮದುವೆಯ ಮಂಟಪಗಳಲ್ಲಿ, ಶಾಲೆಯ ಸ್ನೇಹ ಸಮ್ಮೇಲನಗಳಲ್ಲಿ ಅದು ಇಂದಿಗೂ ಮೊಳಗುತ್ತದೆ. ಕೇಳಿದವರು ಕೂಡಲೇ ಲತಾ ಮಂಗೇಶಕರರ ಹೆಸರು ಹೇಳುತ್ತಾರೆ. ಆದರೆ ಅದು ಇಬ್ಬರ ಹಾಡು. ಹುಡುಗಿಯ ಕರೆ ಲತಾ ಅವರದು. ಆ ಕರೆಗೆ ಹುಡುಗನ ಮಾತಿನಲ್ಲಿ ಮರುತ್ತರ ಕೊಡುವ ತುಂಬು ಕಂಠ ಬೀಳಗಿಯ ಕನ್ನಡತಿ ಅಮೀರಬಾಯಿ ಕರ್ನಾಟಕಿಯವರದು. ಕೆಲವೇ ವರ್ಷ ಮೊದಲು ಇಡೀ ದೇಶವೇ ಕಿವಿಗೊಟ್ಟಿದ್ದ ದನಿಯದು.

ಅಮೀರಬಾಯಿ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ಇಂದು ಬೀಳಗಿ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆ ಕಾಲಕ್ಕೆ ವಿಜಾಪುರವು ಮುಂಬಯಿ ಪ್ರಾಂತದ ಜಿಲ್ಲೆ. ಅದರ ಮಗ್ಗುಲಿನ ಜತ್ತ ಡಫಳೆ ಮನೆತನದ ಸಂಸ್ಥಾನ. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುತ್ತಿದ್ದ ಸೀಮೆಯಿದು. ಇಲ್ಲಿಯ ಕಲಾವಿದನಿಗೆ ಪುಣೆ, ಮುಂಬಯಿ ಪರದೇಶವಾಗಿರಲಿಲ್ಲ. ಐವರು ಸಹೋದರಿಯರಲ್ಲಿ ಹೆಸರು ಮಾಡಿದವರು ಇಬ್ಬರು: ಹಿರಿಯಳಾದ ಗೋಹರಬಾಯಿ, ಕಿರಿಯಳಾದ ಅಮೀರಬಾಯಿ. ಇಬ್ಬರ ಹೆಸರಿನ ಮುಂದೆಯೂ ‘ಕರ್ನಾಟಕಿ’ ಎಂಬುದು ಅಂಟಿಕೊಂಡಿತು. ಕರ್ನಾಟಕವೆಂಬ ರಾಜ್ಯ ಭೂಪಟದಲ್ಲಿ ಇನ್ನೂ ಮೂಡಿರದಿದ್ದಾಗ ಈ ಅಕ್ಕತಂಗಿಯರು ಅದನ್ನು ತಮ್ಮ ಹೆಸರಿನಲ್ಲಿ ಹೊತ್ತು ತಿರುಗಿದರು.

ಗೋಹರಬಾಯಿಯವರ ಕಥೆಯ ಎಳೆ ಸಾಂಗಲಿ ಸೀಮೆಗೇ ಬಂದು ಸೇರುತ್ತದೆ. ನಾಗಠಾಣೆಯಲ್ಲಿ ಹುಟ್ಟಿ ಸ್ತ್ರೀಪಾತ್ರಗಳಿಂದ ಮರಾಠಿ ರಂಗಭೂಮಿಯನ್ನು ಆಳಿದ ಬಾಲಗಂಧರ್ವರ ಮಂಡಳಿಗೆ ಆಕೆ 1930ರ ದಶಕದ ಕೊನೆಯಲ್ಲಿ ನಟಿಯಾಗಿ ಬಂದರು. ಮುಂದೆ ಅವರ ಬಾಳಸಂಗಾತಿಯಾದರು. ಆ ನಂಟನ್ನು ಮರಾಠಿ ರಸಿಕಸಮಾಜ ಸುಲಭವಾಗಿ ಕ್ಷಮಿಸಲಿಲ್ಲ. ಕಿರಿಯಳ ದಾರಿ ಬೇರೆಯಾಯಿತು. ಮೆಟ್ರಿಕ್ ಮುಗಿಸಿ ಹದಿಹರೆಯದಲ್ಲಿಯೇ ಮುಂಬಯಿ ಸೇರಿದ ಅಮೀರಬಾಯಿಗೆ ಅಕ್ಕನ ನೆರವಿನಿಂದ 1934ರ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಪಾತ್ರ ದೊರೆಯಿತು. ನಟಿಯೇ ಹಾಡಬೇಕಾಗಿದ್ದ ದಿನಗಳವು. 1940ರ ‘ನರಸೀ ಭಗತ್’ ಚಿತ್ರದಲ್ಲಿ ನಟಿಸಿದ ಆಕೆಯ ಕಂಠಕ್ಕೂ ಗಾಂಧೀಜಿಯವರ ನೆಚ್ಚಿನ ನರಸಿಂಹ ಮೆಹತಾರ ಭಜನೆಗೂ ಅಂದಿನಿಂದ ನಂಟು ಬೆಳೆಯಿತು. ಬೀಳಗಿಯ ಮುಸ್ಲಿಂ ಹೆಣ್ಣುಮಗಳು ಗುಜರಾತಿ ವೈಷ್ಣವ ಭಜನೆಗೆ ದನಿಯಾದುದನ್ನು ಆಗ ಯಾರೂ ಸೋಜಿಗವೆಂದು ಎಣಿಸಲಿಲ್ಲ.

1943ರ ‘ಕಿಸ್ಮತ್’ ಆಕೆಯನ್ನು ಮನೆಮನೆಗೆ ತಲುಪಿಸಿತು. ಬಾಂಬೆ ಟಾಕೀಸಿನ ಚಿತ್ರ. ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಸಾಹಿತ್ಯ. ಚಲೇಜಾವ್ ಚಳವಳಿಯ ಮರುವರ್ಷವೇ ಪರಕೀಯರನ್ನು ದೂರ ಸರಿಯಿರೆಂದು ಗದರಿಸುವ ಗೀತೆ ಅದರಲ್ಲಿತ್ತು. ಯುದ್ಧದ ಕಾಲವಾದ್ದರಿಂದ ಜರ್ಮನಿ, ಜಪಾನುಗಳ ಹೆಸರನ್ನು ಹಾಡಿನಲ್ಲಿ ಮುಂದೆ ಮಾಡಿ ಬ್ರಿಟಿಷ್ ಸೆನ್ಸಾರನ್ನು ದಾಟಿಸಲಾಗಿತ್ತು. ಕೇಳುಗರಿಗೆ ಅರ್ಥವಾಗಬೇಕಾದುದು ಅರ್ಥವಾಯಿತು. ಅದರ ಮುಖ್ಯ ಹೆಣ್ಣುದನಿ ಅಮೀರಬಾಯಿಯವರದೇ. ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಮರುವರ್ಷ ನೌಶಾದರ ‘ರತನ್’, 1946ರಲ್ಲಿ ಗುಜರಾತಿಯ ‘ರಾಣಕದೇವಿ’. 1948ರ ‘ಶಹನಾಜ್’ ಚಿತ್ರಕ್ಕೆ ಸ್ವತಃ ಸಂಗೀತವನ್ನೂ ನಿರ್ದೇಶಿಸಿದರು. ಸರಸ್ವತಿದೇವಿ, ಜದ್ದನಬಾಯಿ ಮೊದಲಾದ ಬೆರಳೆಣಿಕೆಯ ಮಹಿಳೆಯರನ್ನು ಬಿಟ್ಟರೆ ಆ ಕೆಲಸಕ್ಕೆ ಅಂದು ಹೆಣ್ಣುಮಕ್ಕಳನ್ನು ಯಾರೂ ಕರೆಯುತ್ತಿರಲಿಲ್ಲ. ಈ ಸಾಧನೆಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಮನೆಯ ಬಾಳು ಹಾಗಿರಲಿಲ್ಲ. ನಟ ಹಿಮಾಲಯವಾಲಾ ಅವರೊಡನೆ ನಡೆದ ಮದುವೆ ನೋವಿನದಾಗಿ ವಿಚ್ಛೇದನದಲ್ಲಿ ಮುಗಿಯಿತು. ಆ ಬಳಿಕ ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರ ಕೈ ಹಿಡಿದರು.

ಇನ್ನು ‘ಗೋರೆ ಗೋರೆ’ಯ ವಿಚಾರ. ಅದರ ಮಟ್ಟು ಭಾರತದ್ದಲ್ಲ. 1945ರಲ್ಲಿ ಹಾಲಿವುಡ್ಡಿನ ‘ಡಾಲ್ ಫೇಸ್’ ಎಂಬ ಚಿತ್ರಕ್ಕಾಗಿ ಜಿಮ್ಮಿ ಮ್ಯಾಕ್‌ಹ್ಯೂ ರಾಗ ಹಾಕಿ, ಹೆರಾಲ್ಡ್ ಆ್ಯಡಮ್‌ಸನ್ ಬರೆದ ‘ಚೀಕೊ ಚೀಕೊ’ ಗೀತೆಯದು. ಇಬ್ಬರೂ ಅಮೆರಿಕದವರು, ಹಾಡಿನ ನಾಯಕ ಪೋರ್ಟೊ ರಿಕೊ ದ್ವೀಪದವನು, ತೆರೆಯ ಮೇಲೆ ಹಾಡಿದ ಕಾರ್ಮೆನ್ ಮಿರಾಂಡಾ ಪೋರ್ಚುಗಲ್ಲಿನಲ್ಲಿ ಹುಟ್ಟಿ ಬ್ರೆಜಿಲಿನಲ್ಲಿ ಬೆಳೆದವರು. ಅಂದರೆ ಈ ಮಟ್ಟು ಹುಟ್ಟಿನಿಂದಲೇ ಬೆರಕೆ. ಪುಣತಾಂಬೆಯ ಮರಾಠಿ ಸಂಗೀತಗಾರ ಸಿ. ರಾಮಚಂದ್ರರು ಅದರ ಕುಣಿಯುವ ಲಯವನ್ನೂ ಪಲ್ಲವಿಯ ತಿರುವನ್ನೂ ಎತ್ತಿಕೊಂಡರು. ರಾಜೇಂದ್ರ ಕೃಷ್ಣರು ಅದಕ್ಕೆ ಗಲ್ಲಿಯ ಹುಡುಗ ಹುಡುಗಿಯರ ಸವಾಲು ಜವಾಬಿನ ಮಾತು ಹೊಂದಿಸಿದರು. ಮೂಲದಲ್ಲಿ ಒಬ್ಬಳೇ ನಾಯಕಿ ಊರಿಗೆ ಬಂದ ಚೆಲುವನನ್ನು ವರ್ಣಿಸುತ್ತಾಳೆ. ಇಲ್ಲಿ ಅದು ಸಂವಾದವಾಯಿತು. ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಸೇನೆಯ ಕಥೆಯ ನಡುವೆ ಇಂಥ ಹಾಡು ಹೇಗೆ ಬಂತೆಂಬುದನ್ನು ಚಿತ್ರ ನೋಡಿಯೇ ತಿಳಿಯಬೇಕು.

ಮರುವರ್ಷವೇ, 1951ರಲ್ಲಿ, ಮಟ್ಟು ಮದ್ರಾಸನ್ನು ತಲುಪಿತು. ಅಣ್ಣಾದುರೈಯವರ ಕಥೆಯನ್ನು ಆಧರಿಸಿದ ‘ಓರ್ ಇರವು’ ತಮಿಳು ಚಿತ್ರದಲ್ಲಿ ಆರ್. ಸುದರ್ಶನಂ ಅದನ್ನು ಬಳಸಿಕೊಂಡರು, ಎಂ. ಎಸ್. ರಾಜೇಶ್ವರಿ ಹಾಡಿದರು. ಆರು ವರ್ಷಗಳೊಳಗೆ ಹಾಲಿವುಡ್ಡು, ಮುಂಬಯಿ, ಮದ್ರಾಸು. ಇದನ್ನು ಕಳವೆಂದು ಹಳಿಯುವವರುಂಟು. ಮಾತು ಪೂರ್ತಿ ಸುಳ್ಳಲ್ಲ. ಮೂಲದವರ ಹೆಸರನ್ನು ಯಾರೂ ಹೇಳಲಿಲ್ಲ. ಆದರೆ ಕನ್ನಡ ವೃತ್ತಿರಂಗಭೂಮಿಯನ್ನು ಬಲ್ಲವರಿಗೆ ಇದು ಹೊಸದೂ ಅಲ್ಲ. ಕಂಪನಿ ನಾಟಕಗಳ ಪದಗಳ ಪುಸ್ತಕದಲ್ಲಿ ಪ್ರತಿ ಹಾಡಿನ ನೆತ್ತಿಯ ಮೇಲೆ ಅದು ಯಾವ ಹಾಡಿನ ಮಟ್ಟು ಎಂದು ಅಚ್ಚಾಗಿರುತ್ತಿತ್ತು. ಮರಾಠಿ ನಾಟ್ಯಪದದ ಮಟ್ಟಿಗೆ ಕನ್ನಡ ಪದ, ಕನ್ನಡದ ಮಟ್ಟಿಗೆ ಮರಾಠಿ ಪದ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅದಕ್ಕೂ ಮೊದಲು, 1843ರಲ್ಲಿ, ಸಾಂಗಲಿಗೆ ಬಂದ ಕರ್ನಾಟಕದ ಭಾಗವತರ ಆಟವನ್ನು ಕಂಡೇ ಅಲ್ಲಿಯ ದೊರೆ ವಿಷ್ಣುದಾಸ ಭಾವೆಯವರಿಂದ ‘ಸೀತಾಸ್ವಯಂವರ’ ಆಡಿಸಿದ್ದು. ಕೊಡುಕೊಳ್ಳುವಿಕೆ ಈ ಗಡಿಯ ಹಳೆಯ ರೂಢಿ. ಒಂದೇ ವ್ಯತ್ಯಾಸವೆಂದರೆ, ಕಂಪನಿಯವರು ಸಾಲವನ್ನು ಒಪ್ಪಿಕೊಂಡು ಅಚ್ಚು ಹಾಕಿಸುತ್ತಿದ್ದರು; ಚಿತ್ರದವರು ಹಾಗೆ ಮಾಡಲಿಲ್ಲ.

‘ಗೋರೆ ಗೋರೆ’ಯನ್ನು ಕಿವಿಗೊಟ್ಟು ಕೇಳಿದರೆ ಅದರಲ್ಲಿ ಎರಡು ಯುಗಗಳು ಮುಖಾಮುಖಿಯಾಗಿರುವುದು ತಿಳಿಯುತ್ತದೆ. ಲತಾ ಅವರಿಗೆ ಆಗ ಇಪ್ಪತ್ತರ ಆಸುಪಾಸು. ತೆಳುವಾದ, ಎತ್ತರದ ಸ್ಥಾಯಿಯಲ್ಲಿ ನಿರಾಯಾಸವಾಗಿ ನಿಲ್ಲುವ ದನಿ. ಮೈಕು ಇಷ್ಟಪಟ್ಟ ದನಿ. ಅಮೀರಬಾಯಿಯವರದು ಧ್ವನಿವರ್ಧಕವಿಲ್ಲದ ರಂಗದಲ್ಲಿ ಕೊನೆಯ ಸಾಲಿನವರೆಗೆ ತಲುಪಬೇಕಾಗಿದ್ದವರ ಪರಂಪರೆಯ ಕಂಠ. ಎದೆಯಿಂದ ಎದ್ದು, ಮೂಗಿನ ಬಳಿ ತುಸು ಗಡುಸಾಗಿ ಹೊರಡುವಂಥದು. ಜೊಹ್ರಾಬಾಯಿ ಅಂಬಾಲೆವಾಲಿ, ಶಮ್ಶಾದ್ ಬೇಗಂ ಮೊದಲಾದವರೂ ಅದೇ ಜಾಡಿನವರು. 1949ರ ‘ಮಹಲ್’ ಚಿತ್ರದ ಯಶಸ್ಸಿನ ಬಳಿಕ ನಿರ್ದೇಶಕರೆಲ್ಲ ಹೊಸ ದನಿಯ ಬೆನ್ನು ಹತ್ತಿದರು. ಹೀಗಾಗಿ, ನಾಯಕಿಯ ಕಂಠವಾಗಿದ್ದ ಹಿರಿಯ ಗಾಯಕಿಯ ಪಾಲಿಗೆ ಈ ಹಾಡಿನಲ್ಲಿ ಗಂಡುಮಾತಿನ ಮರುತ್ತರ ಬಂತು. ಅಕ್ಕನ ಗಂಡ ರಂಗದ ಮೇಲೆ ಹೆಣ್ಣಾಗಿ ಹಾಡಿ ಕೀರ್ತಿವಂತರಾದವರು. ತಂಗಿ ಹುಡುಗನಾಗಿ ಹಾಡಿದ ಗೀತೆ ಆಕೆಯ ಗೀತೆಗಳಲ್ಲೆಲ್ಲ ಇಂದು ಹೆಚ್ಚು ಕೇಳಿಬರುವಂಥದು. ಹಾಡಿನಲ್ಲಿ ಆಕೆ ಸೋತಂತೆ ಕೇಳುವುದಿಲ್ಲ ಎಂಬುದನ್ನು ಹೇಳಲೇಬೇಕು. ಆ ದನಿಯ ತುಂಟತನವಿಲ್ಲದಿದ್ದರೆ ಕರೆಗೆ ಓಗೊಡುವವರೇ ಇರುತ್ತಿರಲಿಲ್ಲ.

ಅನಂತರದ ವರ್ಷಗಳಲ್ಲಿ ಹಾಡುವ ಅವಕಾಶ ಕಡಿಮೆಯಾಯಿತು. ಪೋಷಕ ಪಾತ್ರಗಳಲ್ಲಿ ನಟಿಸುತ್ತ ಬಂದರು. 1956ರಲ್ಲಿ ರಾಜ್ಯಗಳ ಗೆರೆ ಹೊಸದಾಗಿ ಎಳೆಯಲ್ಪಟ್ಟಾಗ ವಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬಯಿಯಲ್ಲೇ ಉಳಿಯಿತು. ಅಮೀರಬಾಯಿಯವರ ಬಾಳು ಮಾತ್ರ ಗೆರೆಯ ಎರಡೂ ಬದಿಗೆ ಹಂಚಿಹೋಗಿತ್ತು. ಕನ್ನಡದಲ್ಲಿ ಆಕೆಯ ಕುರಿತು ಗಂಭೀರ ಅಧ್ಯಯನ ಬಂದದ್ದು ಬಹಳ ತಡವಾಗಿ, ರಹಮತ್ ತರೀಕೆರೆಯವರ ಪುಸ್ತಕದ ಮೂಲಕ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಅದನ್ನು ಓದಬೇಕು.

ಪಾರ್ಶ್ವವಾಯು ಬಡಿದು 1965ರ ಮಾರ್ಚ್ 3ರಂದು ಅಮೀರಬಾಯಿ ತೀರಿಕೊಂಡರು. ಗೋಹರಬಾಯಿ ಅದಕ್ಕೆ ಮೊದಲೇ ಕಣ್ಣು ಮುಚ್ಚಿದ್ದರು. ಬಾಲಗಂಧರ್ವರು ಇನ್ನೆರಡು ವರ್ಷ ಬದುಕಿದ್ದರು. ಮುಂಬಯಿಯಲ್ಲಿ ಬಾಳಿದ ಗಾಯಕಿಯನ್ನು ಮಣ್ಣು ಮಾಡಿದ್ದು ವಿಜಾಪುರದಲ್ಲಿ. ಆ ಊರಿನ ಅಮೀರ್ ಟಾಕೀಸು ಆಕೆಯ ಹೆಸರನ್ನೇ ಹೊತ್ತಿದೆ.