ಅಂತರಜಾಲದ ಶಾನುಭೋಗ

ಹಿಂದೆ ನಮ್ಮ ಹಳ್ಳಿಗಳಲ್ಲಿ ಶಾನುಭೋಗರಿದ್ದರು. ಯಾವ ಹೊಲ ಯಾರದು, ಅದರ ಸರ್ವೆ ನಂಬರು ಯಾವುದು, ಕಂದಾಯ ಎಷ್ಟು ಎಂಬುದೆಲ್ಲ ಅವರ ಕಡತದಲ್ಲಿರುತ್ತಿತ್ತು. ಹೊಲ ಅವರದಲ್ಲ, ಬೆಳೆಯೂ ಅವರದಲ್ಲ. ಆದರೂ ಅವರು ಎಳೆಯುವ ಒಂದು ಗೆರೆಯಿಂದ ಒಂದು ಮನೆತನ ಉಳಿಯಬಹುದಿತ್ತು, ಮುಳುಗಲೂ ಬಹುದಿತ್ತು. ಆದುದರಿಂದಲೇ ಒಳ್ಳೆಯ ಶಾನುಭೋಗನನ್ನು ಪಡೆದ ಊರು ನಿಶ್ಚಿಂತೆಯಿಂದ ನಿದ್ರಿಸುತ್ತಿತ್ತು. ಇಡೀ ಜಗತ್ತನ್ನು ಹೆಣೆದಿರುವ ಅಂತರಜಾಲಕ್ಕೂ ಇಂಥದೊಂದು ಕಡತವುಂಟು. ಸುಮಾರು ಮೂರು ದಶಕಗಳ ಕಾಲ ಅದನ್ನು ಕಾಪಾಡಿದವನು ಜಾನ್ ಪೋಸ್ಟೆಲ್ ಎಂಬ ಅಮೆರಿಕನ್.

ಸರ್ವರುಗಳ ಆಡಳಿತವನ್ನು ಕಲಿಯಹೊರಟ ವಿದ್ಯಾರ್ಥಿಯು ಮೊದಲು ಮಾಡಬೇಕಾದ ಕೆಲಸಗಳನ್ನು ಎಣಿಸಿ ನೋಡೋಣ. ಯಂತ್ರಕ್ಕೆ ಒಂದು ವಿಳಾಸ ಕೊಡಬೇಕು, ಒಂದು ಹೆಸರಿಡಬೇಕು, ಯಾವ ಸೇವೆ ಯಾವ ಸಂಖ್ಯೆಯ ಪೋರ್ಟಿನಲ್ಲಿ ದೊರೆಯುವುದೆಂದು ಗೊತ್ತುಪಡಿಸಬೇಕು, ಅಂಚೆ ಸರಿಯಾಗಿ ಹೋಗಿಬರುವಂತೆ ನೋಡಿಕೊಳ್ಳಬೇಕು, ದೂರದ ಯಂತ್ರಕ್ಕೆ ದಾರಿಯುಂಟೇ ಇಲ್ಲವೇ ಎಂದು ಪರೀಕ್ಷಿಸಬೇಕು, ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಬರೆದಿಡಬೇಕು. ಇವು ನೋಡಲು ಗುಮಾಸ್ತೆಯ ಕೆಲಸಗಳಂತೆ ತೋರುತ್ತವೆ. ಆದರೆ ಇವುಗಳಲ್ಲಿ ಯಾವುದರ ಬೇರನ್ನು ಹುಡುಕಿ ಹೋದರೂ ಅಲ್ಲಿ ಪೋಸ್ಟೆಲ್ಲನ ಹೆಸರು ಸಿಕ್ಕುತ್ತದೆ.

ಪೋಸ್ಟೆಲ್ 1943ನೆಯ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾ ಸಂಸ್ಥಾನದ ಆಲ್ಟಡೀನಾದಲ್ಲಿ ಹುಟ್ಟಿದನು. ವ್ಯಾನ್ ನೈಸ್‌ನ ಪ್ರೌಢಶಾಲೆಯಲ್ಲಿ ಓದಿ, ಲಾಸ್ ಏಂಜಲೀಸಿನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವನ್ನು ಸೇರಿದನು. ಮುಂದೆ ಅಂತರಜಾಲದ ನಿರ್ಮಾಪಕರೆಂದು ಪ್ರಸಿದ್ಧರಾದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಅದೇ ಪ್ರೌಢಶಾಲೆಯವರು. ವಿಶ್ವವಿದ್ಯಾನಿಲಯದಲ್ಲಿ ಪೋಸ್ಟೆಲ್ಲನ ಜೊತೆಗಾರರು. ಆತನು 1966ರಲ್ಲಿ ಇಂಜಿನಿಯರಿಂಗ್ ಪದವಿಯನ್ನೂ 1974ರಲ್ಲಿ ಡಾಕ್ಟರೇಟನ್ನೂ ಪಡೆದನು.

1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಆರ್ಪಾನೆಟ್ ಎಂಬ ಜಾಲ ಆರಂಭವಾಯಿತು. ಅದರ ಮೊದಲನೆಯ ಕೇಂದ್ರ ಇದೇ ವಿಶ್ವವಿದ್ಯಾನಿಲಯ. ಆ ವರ್ಷದ ಕೊನೆಗೆ ಜಾಲದಲ್ಲಿದ್ದುದು ನಾಲ್ಕೇ ಕೇಂದ್ರಗಳು. ಯಂತ್ರಗಳು ಪರಸ್ಪರ ಹೇಗೆ ಮಾತನಾಡಬೇಕೆಂಬ ನಿಯಮಗಳನ್ನು ಗೊತ್ತುಮಾಡುವ ಹೊಣೆ ವಿದ್ಯಾರ್ಥಿಗಳ ಮೇಲೆ ಬಿತ್ತು. ಅವರು ತಮ್ಮ ವಿಚಾರಗಳನ್ನು ಅಭಿಪ್ರಾಯ ಕೋರುವ ಟಿಪ್ಪಣಿಗಳಾಗಿ ಬರೆದು ಹಂಚತೊಡಗಿದರು. ಆರ್.ಎಫ್.ಸಿ. ಎಂದು ಇಂದಿಗೂ ಹೆಸರಾಗಿರುವ ಈ ಮಾಲೆಯ ಮೊದಲನೆಯ ಟಿಪ್ಪಣಿಯನ್ನು ಕ್ರಾಕರ್ 1969ರ ಏಪ್ರಿಲಿನಲ್ಲಿ ಬರೆದನು. ಮಾಲೆಯ ಸಂಪಾದಕತ್ವ ಪೋಸ್ಟೆಲ್ಲನದಾಯಿತು. ಸಾಯುವವರೆಗೂ ಆತನು ಅದನ್ನು ಬಿಡಲಿಲ್ಲ.

ನಿಯಮಗಳು ಹೆಚ್ಚಿದಂತೆ ಸಂಖ್ಯೆಗಳೂ ಹೆಚ್ಚಿದವು. ಒಂದೇ ಸಂಖ್ಯೆಯನ್ನು ಇಬ್ಬರು ಬೇರೆ ಬೇರೆ ಕೆಲಸಕ್ಕೆ ಬಳಸಿದರೆ ಗತಿಯೇನು? ಒಂದು ಸರ್ವೆ ನಂಬರನ್ನು ಎರಡು ಹೊಲಗಳಿಗೆ ಬರೆದಂತಾಗುವುದಿಲ್ಲವೇ? 1972ರ ಮೇ ತಿಂಗಳಲ್ಲಿ ಪೋಸ್ಟೆಲ್ಲನು ಒಂದು ಟಿಪ್ಪಣಿ ಬರೆದು, ಈ ಸಂಖ್ಯೆಗಳನ್ನು ಹಂಚಿ ಲೆಕ್ಕವಿಡಲು ಯಾರಾದರೊಬ್ಬರು ಬೇಕೆಂದು ಸೂಚಿಸಿದನು. ಆ ಒಬ್ಬನು ತಾನೇ ಆದನು. ಇಂದು ಅಂಚೆಯ ಸರ್ವರು 25ನೆಯ ಪೋರ್ಟಿನಲ್ಲಿಯೂ, ಹೆಸರುಗಳನ್ನು ತಿಳಿಸುವ ಸರ್ವರು 53ನೆಯ ಪೋರ್ಟಿನಲ್ಲಿಯೂ ಸಿಕ್ಕೇ ಸಿಕ್ಕುವುದೆಂಬ ಭರವಸೆ ಇದೆಯಲ್ಲವೇ, ಆ ಭರವಸೆ ಈ ಕಡತದಿಂದ ಬಂದುದು.

1977ರಲ್ಲಿ ಆತನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮಾಹಿತಿ ವಿಜ್ಞಾನ ಸಂಸ್ಥೆಯನ್ನು ಸೇರಿದನು. ಉದ್ದನೆಯ ಗಡ್ಡ, ಕಾಲಿಗೆ ಸಾದಾ ಚಪ್ಪಲಿ. ನೋಡಿದವರಿಗೆ ಯಾವುದೋ ಆಶ್ರಮದವನೆಂದು ತೋರುವಂತಿದ್ದನು. ಆದರೆ ಕೆಲಸದಲ್ಲಿ ಮಹಾ ಶಿಸ್ತುಗಾರ. 1981ರ ಸೆಪ್ಟೆಂಬರಿನಲ್ಲಿ ಜಾಲದ ಮೂಲ ನಿಯಮಗಳಾದ ಐ.ಪಿ. ಮತ್ತು ಟಿ.ಸಿ.ಪಿ.ಗಳನ್ನು ಆತನ ಸಂಪಾದಕತ್ವದಲ್ಲಿ ಪ್ರಕಟಿಸಲಾಯಿತು. ದಾರಿಯುಂಟೇ ಎಂದು ಪರೀಕ್ಷಿಸಲು ನಾವು ಬಳಸುವ ಪಿಂಗ್ ಎಂಬ ಸಾಧನಕ್ಕೆ ಆಧಾರವಾದ ನಿಯಮವೂ ಅದೇ ತಿಂಗಳಿನದು. ಅಂಚೆಯ ನಿಯಮವನ್ನು ಆತನು 1982ರಲ್ಲಿ ಬರೆದನು. ಕಳುಹಿಸುವಾಗ ಕಟ್ಟುನಿಟ್ಟಾಗಿರಬೇಕು, ಸ್ವೀಕರಿಸುವಾಗ ಉದಾರವಾಗಿರಬೇಕು ಎಂಬುದು ಆತನು ಈ ನಿಯಮಗಳಲ್ಲಿ ಇಟ್ಟ ತತ್ತ್ವ.

ಹಳೆಯ ನಿಯಮದಿಂದ ಹೊಸದಕ್ಕೆ ಇಡೀ ಜಾಲ ಬದಲಾಗಬೇಕಾಗಿತ್ತು. ಅದರ ಯೋಜನೆಯನ್ನು ಬರೆದವನೂ ಪೋಸ್ಟೆಲ್ಲನೇ. 1982ನೆಯ ವರ್ಷವನ್ನೆಲ್ಲ ಬದಲಾವಣೆಗೆಂದು ಮೀಸಲಿಟ್ಟು, ಹಳೆಯವರೂ ಹೊಸಬರೂ ನಡುವೆ ಮಾತನಾಡಿಕೊಳ್ಳಲು ಮಧ್ಯವರ್ತಿ ಯಂತ್ರಗಳನ್ನು ಇಟ್ಟು, ಕೊನೆಗೆ 1983ನೆಯ ಜನವರಿ 1ರಂದು ಹಳೆಯ ನಿಯಮವನ್ನು ನಿಲ್ಲಿಸಲಾಯಿತು. ಮುಂಚಿತವಾಗಿ ತಿಳಿಸು, ಕಾಲಾವಕಾಶ ಕೊಡು, ದಿನ ಗೊತ್ತುಮಾಡು, ಅನಂತರ ಕೈಹಾಕು: ಸರ್ವರನ್ನು ನೋಡಿಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಹೆಸರಿನ ಕಥೆಯೂ ಹೀಗೆಯೇ. ಮೊದಲು ಎಲ್ಲ ಯಂತ್ರಗಳ ಹೆಸರು ವಿಳಾಸಗಳೂ ಒಂದೇ ಕಡತದಲ್ಲಿದ್ದವು. ಎಲ್ಲರೂ ಆಗಾಗ್ಗೆ ಅದರ ನಕಲನ್ನು ತರಿಸಿಕೊಳ್ಳಬೇಕಾಗಿತ್ತು. ಜಾಲ ಬೆಳೆದಂತೆ ಇದು ಅಸಾಧ್ಯವಾಯಿತು. ಪೋಸ್ಟೆಲ್ಲನು ಈ ಸಮಸ್ಯೆಯನ್ನು ತನ್ನ ಸಂಸ್ಥೆಯ ಪಾಲ್ ಮೊಕಪೆಟ್ರಿಸ್‌ಗೆ ಒಪ್ಪಿಸಿದನು. ಆತನು 1983ರಲ್ಲಿ, ಹೆಸರುಗಳನ್ನು ಮರದ ಕೊಂಬೆಗಳಂತೆ ಹಂಚಿ, ಆಯಾ ಕೊಂಬೆಯ ಹೊಣೆಯನ್ನು ಆಯಾ ಜನಕ್ಕೇ ಬಿಡುವ ವ್ಯವಸ್ಥೆಯನ್ನು ರೂಪಿಸಿದನು. ದೇಶಗಳಿಗೆ ಎರಡಕ್ಷರದ ಹೆಸರು ಕೊಡುವಾಗ, ಯಾವುದು ದೇಶ ಯಾವುದು ಅಲ್ಲ ಎಂಬ ಜಗಳಕ್ಕೆ ಪೋಸ್ಟೆಲ್ಲನು ಹೋಗಲಿಲ್ಲ. ಅಂತರರಾಷ್ಟ್ರೀಯ ಪಟ್ಟಿಯೊಂದನ್ನು ಹಿಡಿದು ಅದರಂತೆ ನಡೆದನು. ಕೊಂಬೆಯ ಹೊಣೆ ಹೊತ್ತವರು ಅದರ ಒಡೆಯರಲ್ಲ, ಜನರ ಪರವಾಗಿ ನಿಂತ ಧರ್ಮದರ್ಶಿಗಳು ಮಾತ್ರ ಎಂದು 1994ರಲ್ಲಿ ಬರೆದಿಟ್ಟನು. ಇಂದು ಆ ಮರದ ಬುಡದಲ್ಲಿ ಕನ್ನಡ ಲಿಪಿಯಲ್ಲಿ ಬರೆದ ‘ಭಾರತ’ ಎಂಬ ಕೊಂಬೆಯೂ ಚಿಗುರಿದೆ.

ಆದರೆ ಹಣ ಬಂದೆಡೆ ಜಗಳ ಬಾರದಿರುವುದೇ? 1995ರಿಂದ ಹೆಸರುಗಳ ನೋಂದಣಿಗೆ ಶುಲ್ಕ ಬಂತು. ನೋಂದಣಿಯ ಗುತ್ತಿಗೆ ಒಂದು ಕಂಪನಿಯದಾಗಿತ್ತು. ಮೂಲ ಕಡತದ ಮೇಲೆ ಅಧಿಕಾರ ಯಾರದೆಂಬ ಪ್ರಶ್ನೆ ಎದ್ದಿತು. 1998ರ ಜನವರಿ 28ರಂದು ಪೋಸ್ಟೆಲ್ಲನು ಮೂಲ ಸರ್ವರುಗಳನ್ನು ನಡೆಸುತ್ತಿದ್ದ 12 ಮಂದಿಯಲ್ಲಿ 8 ಮಂದಿಗೆ ಪತ್ರ ಬರೆದು, ಇನ್ನು ಮುಂದೆ ಮೂಲ ಕಡತವನ್ನು ಕಂಪನಿಯ ಯಂತ್ರದ ಬದಲು ತನ್ನ ಕಡೆಯ ಯಂತ್ರದಿಂದ ತೆಗೆದುಕೊಳ್ಳಬೇಕೆಂದು ಕೇಳಿದನು. ಅವರು ಹಾಗೆಯೇ ಮಾಡಿದರು. ಆಜ್ಞೆಯ ಬಲದಿಂದಲ್ಲ, ಆತನ ಮೇಲಿನ ನಂಬಿಕೆಯಿಂದ! ಜಾಲವನ್ನು ಬಳಸುತ್ತಿದ್ದ ಜನರಿಗೆ ಏನೊಂದೂ ತಿಳಿಯಲಿಲ್ಲ. ಅಮೆರಿಕ ಸರ್ಕಾರವು ಬಲವಾಗಿ ಆಕ್ಷೇಪಿಸಿತು. ಇದು ಪರೀಕ್ಷೆ ಮಾತ್ರವೆಂದು ಹೇಳಿ, ಕೆಲವು ದಿನಗಳಲ್ಲಿ ಆತನು ಎಲ್ಲವನ್ನೂ ಮೊದಲಿನಂತೆಯೇ ಮಾಡಿಸಿದನು.

ಈ ಕಾರ್ಯ ಸರಿಯೇ ತಪ್ಪೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕೆಲಸದ ದೃಷ್ಟಿಯಿಂದ ಅದು ನಿರ್ದುಷ್ಟ: ಸೇವೆ ನಿಲ್ಲಲಿಲ್ಲ, ಹಿಂದಿರುಗುವ ದಾರಿಯೂ ಮುಚ್ಚಲಿಲ್ಲ. ಆದರೆ ಎಲ್ಲರಿಗೂ ಮೊದಲೇ ತಿಳಿಸಿ ನಡೆಯಬೇಕೆಂದು 1983ರಲ್ಲಿ ಜಗತ್ತಿಗೆ ಕಲಿಸಿದವನು ಇಲ್ಲಿ ಆ ಪಾಠವನ್ನು ಬದಿಗಿಟ್ಟನೆಂದು ಹೇಳದೆ ಗತ್ಯಂತರವಿಲ್ಲ. ಜಗತ್ತಿನ ಕಡತವು ಒಬ್ಬನ ಒಳ್ಳೆಯತನವನ್ನೇ ನೆಚ್ಚಿಕೊಂಡಿರಬಾರದು ಎಂಬುದನ್ನು ಈ ಘಟನೆ ತೋರಿಸಿಕೊಟ್ಟಿತು. ಕಡತವನ್ನು ಒಂದು ಸಂಸ್ಥೆಗೆ ಒಪ್ಪಿಸುವ ಕಾರ್ಯದಲ್ಲಿ ಪೋಸ್ಟೆಲ್ಲನೇ ಮುಂದೆ ನಿಂತು ದುಡಿದನು. ಆ ವರ್ಷದ ಸೆಪ್ಟೆಂಬರ್ 30ರಂದು ಐಕ್ಯಾನ್ ಎಂಬ ಸಂಸ್ಥೆ ಹುಟ್ಟಿತು. ಮುಂದೆ 16 ದಿನಗಳಲ್ಲಿ, ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ಅನಂತರದ ತೊಡಕುಗಳಿಂದ ಪೋಸ್ಟೆಲ್ಲನು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡನು. ಆಗ ಆತನಿಗೆ 55 ವರ್ಷ. ಮರುದಿನವೇ ಗೆಳೆಯ ಸರ್ಫ್ ಶ್ರದ್ಧಾಂಜಲಿಯೊಂದನ್ನು ಬರೆದು, ಆತನೇ ಬೆಳೆಸಿದ ಆ ಟಿಪ್ಪಣಿಗಳ ಮಾಲೆಯಲ್ಲಿಯೇ ಪ್ರಕಟಿಸಿದನು. ಯಜಮಾನನಿಲ್ಲದ ಆ ದಿನಗಳಲ್ಲಿಯೂ ಜಾಲ ನಿಲ್ಲಲಿಲ್ಲ. ಕಡತವನ್ನು ಇನ್ನೊಬ್ಬರು ಓದಿ ಮುಂದುವರಿಸುವಂತೆ ಆತನು ಬರೆದಿಟ್ಟಿದ್ದನು.

ಮಿತ್ರರೇ, ನಮ್ಮಲ್ಲಿ ಅನೇಕರು ನಾಳೆ ಯಾವುದೋ ಕಚೇರಿಯ ಮೂಲೆಯಲ್ಲಿ ಸರ್ವರೊಂದನ್ನು ನೋಡಿಕೊಳ್ಳುವವರಾಗಬಹುದು. ಹೊಸ ಸಿಬ್ಬಂದಿಗೆ ಖಾತೆ ತೆರೆಯುವುದು, ವಿಳಾಸ ಹಂಚುವುದು, ನಕಲು ತೆಗೆದಿಡುವುದು, ದಾಖಲೆ ಬರೆಯುವುದು: ಇವುಗಳಲ್ಲಿ ಕೀರ್ತಿಯಿಲ್ಲ. ಎಲ್ಲವೂ ಸರಿಯಾಗಿದ್ದ ದಿನ ಯಾರೂ ನಮ್ಮನ್ನು ನೆನೆಯರು. ಆದರೂ ಆ ಯಂತ್ರದ ಕೀಲಿ ಕೈಯಲ್ಲಿರುವಷ್ಟು ಕಾಲ ನಾವು ಅದರ ಒಡೆಯರಲ್ಲ, ನಂಬಿಕೆಯ ಪಾಲಕರು. ನಾಳೆ ನಾವಿಲ್ಲದಿದ್ದರೂ ಕೆಲಸ ನಡೆಯುವಂತೆ ಇಂದು ಬರೆದಿಟ್ಟವನೇ ಈ ವಿದ್ಯೆಯನ್ನು ನಿಜವಾಗಿ ಕಲಿತವನು.