ಎಲಾ ಬೇಕರ್: ಚಳವಳಿಯ ಒಳಮನೆಯ ದುಡಿಮೆ

ಸಮಾನತೆಗಾಗಿ ಹೋರಾಡುವ ಸಂಘಟನೆಗಳ ಒಳಗಣ ಅಸಮಾನತೆಯನ್ನು ಅರಿಯಲು ಅಮೆರಿಕದ ಕಪ್ಪುಜನರ ನಾಗರಿಕ ಹಕ್ಕು ಚಳವಳಿಯ ಸಂಘಟಕಿ ಎಲಾ ಬೇಕರ್ (1903–1986) ಅವರ ಬದುಕು ಮಹತ್ವದ ಆಕರವಾಗಿದೆ. 1927ರಲ್ಲಿ ಶಾ ವಿಶ್ವವಿದ್ಯಾಲಯದ ಪದವಿ ಪಡೆದು ನ್ಯೂಯಾರ್ಕ್ ಸೇರಿದ ಅವರು, 1940ರ ದಶಕದಲ್ಲಿ ದಕ್ಷಿಣದ ರಾಜ್ಯಗಳನ್ನು ಸುತ್ತಿ ಎನ್‌ಎಎಸಿಪಿ ಸಂಸ್ಥೆಗೆ ಸದಸ್ಯರನ್ನೂ ನಿಧಿಯನ್ನೂ ಕೂಡಿಸಿದರು.

ಮಾರ್ಟಿನ್ ಲೂಥರ್ ಕಿಂಗ್ ಅಧ್ಯಕ್ಷರಾಗಿದ್ದ ದಕ್ಷಿಣ ಕ್ರೈಸ್ತ ನಾಯಕತ್ವ ಸಮ್ಮೇಳನದ ಮತದಾರರ ಅಭಿಯಾನಕ್ಕೆಂದು 1958ರಲ್ಲಿ ಅಟ್ಲಾಂಟಾಕ್ಕೆ ಬಂದಾಗ ಅವರಿಗೆ ಕಚೇರಿಯಾಗಲಿ ದೂರವಾಣಿಯಾಗಲಿ ಇರಲಿಲ್ಲ. ಹೋಟೆಲಿನ ಕೋಣೆಯಿಂದಲೇ ಕೆಲಸ ಆರಂಭವಾಯಿತು. ಕಚೇರಿಯನ್ನು ಕಟ್ಟಿದವರು ಬೇಕರ್. ಆದರೆ ನಿರ್ದೇಶಕ ಸ್ಥಾನ ಮೊದಲು ಜಾನ್ ಟಿಲಿ, 1960ರಲ್ಲಿ ವ್ಯಾಟ್ ವಾಕರ್ ಎಂಬ ಪಾದ್ರಿಗಳಿಗೆ ಸಂದಿತು. ನಡುವಿನ ಅವಧಿಯಲ್ಲಿ ಅವರು ಹಂಗಾಮಿಯಾಗಿಯೇ ಉಳಿದರು. ಪಾದ್ರಿಗಳೇ ತುಂಬಿದ್ದ ಆ ನಾಯಕವರ್ಗದಲ್ಲಿ ಹೆಣ್ಣಿಗೆ ದುಡಿಮೆಯಿತ್ತು, ನಿರ್ಣಯಾಧಿಕಾರವಿರಲಿಲ್ಲ.

1960ರ ಏಪ್ರಿಲಿನಲ್ಲಿ ಸಮ್ಮೇಳನದಿಂದ 800 ಡಾಲರ್ ಪಡೆದು ಅವರು ಶಾ ವಿಶ್ವವಿದ್ಯಾಲಯದಲ್ಲಿ ಹೋರಾಟನಿರತ ವಿದ್ಯಾರ್ಥಿಗಳ ಸಭೆ ಸೇರಿಸಿದರು. ವಿದ್ಯಾರ್ಥಿಗಳು ಸಮ್ಮೇಳನದ ಅಂಗವಾಗಬೇಕೆಂಬ ನಾಯಕರ ಅಪೇಕ್ಷೆಗೆ ಬೇಕರ್ ಒಪ್ಪಲಿಲ್ಲ. ಅಲ್ಲಿಂದ ಮೂಡಿದ ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿ ಸ್ವತಂತ್ರವಾಗಿ ಉಳಿಯಿತು. ಹಣ ನೀಡಿದವರದೇ ಯಜಮಾನಿಕೆ ಎಂಬ ತರ್ಕ ಇಲ್ಲಿ ಮುರಿದುಬಿತ್ತು. ಅನಂತರ ಅವರು ಜೀವನೋಪಾಯಕ್ಕೆ ವೈಡಬ್ಲ್ಯೂಸಿಎಯಲ್ಲಿ ದುಡಿಯುತ್ತಲೇ ಸಮಿತಿಗೆ ಮಾರ್ಗದರ್ಶನ ನೀಡಿದರು.

ವೇದಿಕೆಯ ಭಾಷಣಗಳನ್ನಷ್ಟೇ ದಾಖಲಿಸುವ ಚರಿತ್ರೆಯಲ್ಲಿ ಇಂಥ ದುಡಿಮೆ ಕಾಣಿಸದು. ಚಳವಳಿಯ ಲೆಕ್ಕಪತ್ರ, ಹುದ್ದೆ, ವೇತನಗಳನ್ನೂ ಪಠ್ಯಗಳಾಗಿ ಓದಿದಾಗ ಮಾತ್ರ ಅದರ ಲಿಂಗರಾಜಕಾರಣ ಸ್ಪಷ್ಟವಾಗುತ್ತದೆ.