ಶಿಕಾಗೊದ ಕಲ್ಲಿನ ಹೆಬ್ಬಾಗಿಲು ಮತ್ತು ಅಪ್ಟನ್ ಸಿಂಕ್ಲೇರ್

ಊರಿನಿಂದ ಅಪ್ಪ–ಅಮ್ಮ ಬಂದರೆ ಶಿಕಾಗೊ ಕನ್ನಡಿಗರಾದ ನಾವು ಮೊದಲು ಕರೆದೊಯ್ಯುವುದು ಆರ್ಟ್ ಇನ್‌ಸ್ಟಿಟ್ಯೂಟ್‌ಗೆ. 1893ರಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ ಜಾಗ ಅದು. ಅಲ್ಲಿಂದ ಐದಾರು ಮೈಲಿ ದೂರದಲ್ಲಿ ಸುಣ್ಣಕಲ್ಲಿನ ಹಳೆಯ ಹೆಬ್ಬಾಗಿಲೊಂದಿದೆ. ಅದನ್ನು ನೋಡಲು ನಮ್ಮವರು ಹೋಗುವುದು ಅಪರೂಪ. ಅದು 1865ರಲ್ಲಿ ಶುರುವಾದ ಯೂನಿಯನ್ ಸ್ಟಾಕ್‌ಯಾರ್ಡ್‌ನ ಬಾಗಿಲು. ದೂರದೂರದಿಂದ ರೈಲಿನಲ್ಲಿ ಬಂದ ದನ, ಹಂದಿ, ಕುರಿಗಳು ಇಲ್ಲಿಂದ ಅಗ್ಗದ ಮಾಂಸವಾಗಿ ಅಮೆರಿಕದ ಮನೆಮನೆಗೆ ಹೋಗುತ್ತಿದ್ದವು.

1904ರ ಕೊನೆಯಲ್ಲಿ 26 ವರ್ಷದ ಬರಹಗಾರರೊಬ್ಬರು ಈ ಕೇರಿಗೆ ಬಂದರು. ಹೆಸರು ಅಪ್ಟನ್ ಸಿಂಕ್ಲೇರ್. ಕಾರ್ಮಿಕರ ಮುಷ್ಕರವೊಂದು ಸೋತು ಆಗಿನ್ನೂ ಕೆಲವೇ ತಿಂಗಳಾಗಿತ್ತು. ಸಮಾಜವಾದಿ ಪತ್ರಿಕೆಯೊಂದು ಕೊಟ್ಟ 500 ಡಾಲರ್ ಮುಂಗಡ ಅವರ ಕೈಯಲ್ಲಿತ್ತು. ಹಳೆ ಬಟ್ಟೆ ತೊಟ್ಟು, ಬುತ್ತಿಯ ಡಬ್ಬಿ ಹಿಡಿದರೆ ಯಾವ ಕಾರ್ಖಾನೆಯಲ್ಲೂ ಯಾರೂ ತಡೆಯುತ್ತಿರಲಿಲ್ಲ. ಹೀಗೆ ಏಳು ವಾರ ಓಡಾಡಿದರು.

ಬಡತನ ಅವರಿಗೆ ಹೊಸದಲ್ಲ. 1878ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿದ ಅವರ ತಂದೆ ಮದ್ಯದ ಮಾರಾಟಗಾರ, ಕುಡಿತಕ್ಕೆ ಬಿದ್ದವರು. ತಾಯಿಯ ತವರು ಮಾತ್ರ ಸಿರಿವಂತರದು. ಇಂದು ತಿಗಣೆ ತುಂಬಿದ ಬಾಡಿಗೆ ಕೋಣೆ, ನಾಳೆ ಅಜ್ಜನ ಮನೆಯ ಮೆತ್ತನೆ ಹಾಸಿಗೆ. ಅಗ್ಗದ ಕಥೆಗಳನ್ನು ಬರೆದೇ ಕಾಲೇಜಿನ ಖರ್ಚು ನಿಭಾಯಿಸಿದರು.

ಶಿಕಾಗೊದಲ್ಲಿ ಕಂಡದ್ದು ‘ದಿ ಜಂಗಲ್’ ಕಾದಂಬರಿಯಾಯಿತು. ಐದು ಪ್ರಕಾಶಕರು ತಿರಸ್ಕರಿಸಿದ ಮೇಲೆ 1906ರ ಫೆಬ್ರುವರಿಯಲ್ಲಿ ಪುಸ್ತಕವಾಗಿ ಹೊರಬಂತು. ಕಥಾನಾಯಕ ಯುರ್ಗಿಸ್ ಲಿಥುವೇನಿಯಾದಿಂದ ಬಂದ ವಲಸಿಗ. ಕಟ್ಟುಮಸ್ತಾದ ಆಳು. ಕಾಲು ಉಳುಕಿದ ದಿನದಿಂದ ಕಂಪನಿಗೆ ಬೇಡವಾಗುತ್ತಾನೆ. ಹೆಂಡತಿ ಹೆರಿಗೆಯಲ್ಲಿ ಸಾಯುತ್ತಾಳೆ, ಮಗ ಬೀದಿಯ ಕೆಸರುನೀರಿನಲ್ಲಿ ಮುಳುಗುತ್ತಾನೆ. ಆಮ್ಲಕ್ಕೆ ಬೆರಳು ಕಳೆದುಕೊಂಡವರು, ತೊಗಲು ಎಳೆದು ಎಳೆದು ಉಗುರೇ ಇಲ್ಲದಾದವರು ಪುಟಪುಟದಲ್ಲೂ ಇದ್ದಾರೆ. ಕಸಾಯಿಖಾನೆಯ ಕೊಳಕೆಲ್ಲ ಹರಿಯುತ್ತಿದ್ದ ಬಬ್ಲಿ ಕ್ರೀಕ್ ಎಂಬ ತೊರೆಯೂ ಇದೆ. ಕೋಳಿಗಳು ನಡೆದಾಡುವಷ್ಟು ದಪ್ಪಗೆ ಅದರ ಮೇಲೆ ಕೊಬ್ಬು ಕಟ್ಟಿತ್ತಂತೆ.

ಆದರೆ ಓದುಗರಿಗೆ ತಟ್ಟಿದ್ದು ಬೇರೆಯೇ. ಕೊಳೆತ ಮಾಂಸ, ಇಲಿ ಬಿದ್ದ ಸಾಸೇಜ್ ಕುರಿತ ಕೆಲವು ಪುಟ ಓದಿ ದೇಶ ಬೆಚ್ಚಿಬಿತ್ತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇಬ್ಬರನ್ನು ಕಳುಹಿಸಿ ತನಿಖೆ ಮಾಡಿಸಿದರು. 1906ರ ಜೂನ್ 30ರಂದು ಮಾಂಸ ತಪಾಸಣೆ ಕಾಯ್ದೆಗೂ ಶುದ್ಧ ಆಹಾರ ಕಾಯ್ದೆಗೂ ಅಂಕಿತ ಬಿತ್ತು. ತಪಾಸಣೆಯ ಖರ್ಚು ಬಿದ್ದದ್ದು ಕಂಪನಿಗಳ ಮೇಲಲ್ಲ, ತೆರಿಗೆದಾರರ ಮೇಲೆ. ಕಾರ್ಮಿಕರ ಕೂಲಿಯ ಬಗ್ಗೆ, ಬೆರಳಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ದುಡಿಯುವವರಿಗಾಗಿ ಮರುಗಲಿ ಎಂದು ಬರೆದರೆ ಜನ ತಮ್ಮ ತಟ್ಟೆಗಾಗಿ ಹೆದರಿದರಲ್ಲ ಎಂಬ ಕೊರಗು ಸಿಂಕ್ಲೇರ್‌ ಅವರಿಗೆ ಕೊನೆಯವರೆಗೂ ಇತ್ತು.

ನಮ್ಮಲ್ಲಿ ಹಲವರು ಸಸ್ಯಾಹಾರಿಗಳು, ಇದು ನಮಗೆ ಸಂಬಂಧವಿಲ್ಲ ಎನ್ನಬಹುದು. ಆದರೆ ಟೊಮೆಟೊ, ಸ್ಟ್ರಾಬೆರಿ ಕೊಯ್ಯುವ ಕೈಗಳೂ ಬಹುಪಾಲು ವಲಸಿಗರವೇ. ವಾರದ ರಿಯಾಯಿತಿ ನೋಡಿ ಅಂಗಡಿ ಬದಲಿಸುವ ನಾವು ಆ ಕೈಗಳನ್ನು ನೆನೆಯುವುದುಂಟೇ? 2023ರ ಫೆಬ್ರುವರಿಯಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ, ಎಂಟು ರಾಜ್ಯಗಳ 13 ಮಾಂಸ ಘಟಕಗಳಲ್ಲಿ 13ರಿಂದ 17 ವರ್ಷದ 102 ಮಕ್ಕಳು ರಾತ್ರಿ ಪಾಳಿಯಲ್ಲಿ ಯಂತ್ರ ತೊಳೆಯುವಂಥ ಅಪಾಯದ ಕೆಲಸದಲ್ಲಿದ್ದರೆಂದು ಪ್ರಕಟಿಸಿತು. ಗುತ್ತಿಗೆ ಸಂಸ್ಥೆ ತೆತ್ತ ದಂಡ 15 ಲಕ್ಷ ಡಾಲರ್.

ಪುಸ್ತಕದ ಹಣದಿಂದ ಸಿಂಕ್ಲೇರ್ ನ್ಯೂಜೆರ್ಸಿಯಲ್ಲಿ ಸಹಬಾಳ್ವೆಯ ವಸಾಹತು ಕಟ್ಟಿದರು. ಅದು 1907ರಲ್ಲಿ ಸುಟ್ಟುಹೋಯಿತು. 1934ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆಯಲ್ಲಿ ಸೋತರು. 1943ರಲ್ಲಿ ಬೇರೊಂದು ಕಾದಂಬರಿಗೆ ಪುಲಿಟ್ಜರ್ ಬಂತು.

1967ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ಮಾಂಸ ಕಾಯ್ದೆಗೆ ಸಹಿ ಹಾಕುವಾಗ 89ರ ಸಿಂಕ್ಲೇರ್‌ ಅವರನ್ನು ಶ್ವೇತಭವನಕ್ಕೆ ಕರೆಸಿದರು. ಗಾಲಿಕುರ್ಚಿಯಲ್ಲಿ ಕುಳಿತು ನೋಡಿದರು. ಆ ಕಾಯ್ದೆಯೂ ಮಾಂಸದ ಶುದ್ಧತೆಯದ್ದೇ. ಮರುವರ್ಷ ನವೆಂಬರ್ 25ರಂದು ತೀರಿಕೊಂಡರು. 1971ರಲ್ಲಿ ಸ್ಟಾಕ್‌ಯಾರ್ಡ್ ಮುಚ್ಚಿತು. ತಳದಲ್ಲಿ ಕೊಳೆಯುತ್ತಿರುವ ಹಳೆಯ ಹೂಳಿನಿಂದ ಬಬ್ಲಿ ಕ್ರೀಕ್‌ನಲ್ಲಿ ಇಂದಿಗೂ ಗುಳ್ಳೆ ಏಳುತ್ತವೆ.